ಪಂತುಲು ಅವರ ಒಪ್ಪಿಗೆ ಪತ್ರ ನಾನು ಎಲ್ಲಿಂದ ತರಲಿ, ಸಚಿವರೇ?

ಕನ್ನಡದ ಕೆಲಸದ ಹೊಣೆ ಹೊತ್ತ ಮಾನ್ಯ ಸಚಿವರಿಗೆ,
ಬೆಂಗಳೂರು.

ಮಾನ್ಯರೇ,

ಆಂಧ್ರದ ಕುಪ್ಪಂನಿಂದ ನಮಸ್ಕಾರ. ಈ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಮೂವತ್ತೆರಡು ವರ್ಷ ಜೆರಾಕ್ಸ್ ಅಂಗಡಿ ನಡೆಸಿದವನು ನಾನು. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ನಮ್ಮ ಮನೆಯ ಮಾತು ಕನ್ನಡ. ಬೀದಿಗೆ ಇಳಿದರೆ ತೆಲುಗು. ಸಂತೆಗೆ ಹೋದರೆ ತಮಿಳೂ ಬೇಕು. ಮೂರು ರಾಜ್ಯ ಸೇರುವ ಜಾಗ ಇದು, ನಿಮಗೆ ಗೊತ್ತೇ ಇದೆ.

ಏಳು ವರ್ಷದಿಂದ ಒಂದೇ ವಿಷಯಕ್ಕೆ ಅರ್ಜಿ ಹಾಕುತ್ತಿದ್ದೇನೆ. ಈ ಸಲ ಅರ್ಜಿ ಬರೆಯಲು ಕೂತಾಗ ಕೈ ಮುಂದೆ ಹೋಗಲಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ಪ್ರತಿ ವರ್ಷ ಜುಲೈ 26ರಂದು ಕುಪ್ಪಂನಲ್ಲಿ ಚಿತ್ರ ನಿರ್ದೇಶಕ ಬಿ.ಆರ್. ಪಂತುಲು ಅವರ ಒಂದು ಕನ್ನಡ ಸಿನಿಮಾ ತೋರಿಸಿ. ಒಳ್ಳೆಯ ಪ್ರಿಂಟ್ ಇರಲಿ, ದೊಡ್ಡ ಪರದೆ ಇರಲಿ, ಕೊನೆಯ ಸಾಲಿನಲ್ಲಿ ಕೂತ ಮಗುವಿಗೂ ಮಾತು ಕೇಳಿಸಲಿ. ಹಾರ ಬೇಡ, ಶಾಲು ಬೇಡ, ಭಾಷಣ ಬೇಡ. ನೀವು ಬರಲೇಬೇಕು ಅಂತಲೂ ಇಲ್ಲ. ಸಿನಿಮಾ ಬಂದರೆ ಸಾಕು.

ಜುಲೈ 26 ಯಾಕೆ ಅಂದರೆ, 1910ರ ಆ ದಿನ ಅವರು ಹುಟ್ಟಿದ್ದು. ಕುಪ್ಪಂ ಸೀಮೆಯ ಬುಡಗೂರಿನಲ್ಲಿ. ಅವರ ಹೆಸರಿನ ಮೊದಲ ಅಕ್ಷರ 'ಬಿ' ಇದೆಯಲ್ಲ, ಅದು ಬುಡಗೂರು. ಬುಡಗೂರು ರಾಮಕೃಷ್ಣಯ್ಯ ಪಂತುಲು. ಮದ್ರಾಸಿಗೆ ಹೋಗಿ ದೊಡ್ಡವರಾದ ಮೇಲೂ ಪ್ರತಿ ಸಿನಿಮಾದ ಟೈಟಲ್ಲಿನಲ್ಲಿ ನಮ್ಮ ಕಡೆಯ ಒಂದು ಹಳ್ಳಿಯನ್ನು ಹೊತ್ತುಕೊಂಡೇ ಇದ್ದರು.

ಅವರು ಹುಟ್ಟಿದಾಗ ಚಿತ್ತೂರು ಜಿಲ್ಲೆಯೇ ಇರಲಿಲ್ಲ. ಅದು ಆದದ್ದು 1911ರಲ್ಲಿ. ಅಲ್ಲಿಯವರೆಗೆ ನಾವು ಮದ್ರಾಸ್ ಪ್ರೆಸಿಡೆನ್ಸಿಯ ಉತ್ತರ ಆರ್ಕಾಟಿಗೆ ಸೇರಿದ್ದೆವು. 1953ರಲ್ಲಿ ಆಂಧ್ರ ಆಯಿತು. ನಮ್ಮ ತಾತ ಒಂದೇ ಮನೆಯಲ್ಲಿ ಇದ್ದುಕೊಂಡೇ ಇಷ್ಟೆಲ್ಲ ನೋಡಿದರು. ಹಾಗಿರುವಾಗ ಇಲ್ಲಿ ಹುಟ್ಟಿದ ಒಬ್ಬರನ್ನು ಹಿಡಿದು ನೀನು ಯಾರವನು ಅಂತ ಕೇಳಿದರೆ ಏನು ಹೇಳೋದು? ಆದರೆ ನನ್ನನ್ನು ಕೇಳಿದರು. ಸರ್ಕಾರಿ ಕಚೇರಿಯಲ್ಲಿ, ಮೇಜಿನ ಆಚೆ ಕೂತು ಕೇಳಿದರು. ಆ ಕಥೆಗೆ ಬರುತ್ತೇನೆ.

ಮೊದಲು ನಮ್ಮಪ್ಪನ ವಿಷಯ ಹೇಳಬೇಕು. ಅದನ್ನು ಬಿಟ್ಟರೆ ನಾನು ಯಾಕೆ ಇಷ್ಟು ಹಠ ಹಿಡಿದಿದ್ದೇನೆ ಅಂತ ನಿಮಗೆ ತಿಳಿಯೋದಿಲ್ಲ.

ಅಪ್ಪ ಟೂರಿಂಗ್ ಟಾಕೀಸಿನಲ್ಲಿ ಕೆಲಸಕ್ಕಿದ್ದರು. ಆಪರೇಟರ್ ಅಲ್ಲ, ಅವರ ಕೈಕೆಳಗೆ. ಒಂದೇ ಪ್ರಿಂಟ್ ಎರಡು ಟೆಂಟಿನಲ್ಲಿ ಓಡಿಸುತ್ತಿದ್ದ ಕಾಲ ಅದು. ಇಲ್ಲಿ ಮೊದಲ ರೀಲು ಮುಗಿದ ತಕ್ಷಣ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿ ಇನ್ನೊಂದು ಊರಿನ ಟೆಂಟಿಗೆ ಓಡಬೇಕು. ಆ ಓಟ ಅಪ್ಪನದು. ಮಳೆ ಬಂದರೆ ಡಬ್ಬಿಗೆ ಗೋಣಿ ಹೊದಿಸಿ ತಾವು ನೆನೆಯುತ್ತಿದ್ದರು. ನನಗೆ ಎಂಟೋ ಒಂಬತ್ತೋ ವರ್ಷ ಇರುವಾಗ 'ಸ್ಕೂಲ್ ಮಾಸ್ಟರ್' ನೋಡಿದ್ದು ಹಾಗೆ. ಆಗಲೇ ಹಳೆಯ ಸಿನಿಮಾ ಅದು, 1958ರದು. ಪರದೆ ಮೇಲೆಲ್ಲ ಗೀರು. ನೆಲದ ಮೇಲೆ ಮರಳಿನಲ್ಲಿ ಕೂತಿದ್ದೆ. ಅಪ್ಪ ಸೈಕಲ್ ನಿಲ್ಲಿಸಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದರು, "ನೋಡೋ, ಆ ಮೇಷ್ಟ್ರು ನಮ್ಮ ಕಡೆಯವರು. ಬುಡಗೂರವರು."

ಪರದೆ ಮೇಲೆ ಮೇಷ್ಟ್ರು ಆಗಿದ್ದವರೂ ಪಂತುಲು ಅವರೇ, ಅದನ್ನು ನಿರ್ದೇಶಿಸಿದವರೂ ಅವರೇ. ಪಕ್ಕದಲ್ಲಿ ಎಂ.ವಿ. ರಾಜಮ್ಮ. ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಗಂಡ ಹೆಂಡತಿಯನ್ನು ಮುಪ್ಪಿನಲ್ಲಿ ಆ ಮಕ್ಕಳೇ ಹಂಚಿಕೊಳ್ಳುತ್ತಾರೆ, ಅಪ್ಪ ಒಂದು ಮನೆಗೆ, ಅಮ್ಮ ಒಂದು ಮನೆಗೆ. ಟೆಂಟಿನಲ್ಲಿ ಹೆಂಗಸರ ಕಡೆಯಿಂದ ಅಳುವ ಸದ್ದು ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಆ ಸಿನಿಮಾ ಬಂದ ಕಾಲಕ್ಕೆ 25 ವಾರ ಓಡಿತ್ತು. ತಮಿಳಿಗೆ, ಹಿಂದಿಗೆ, ಮಲಯಾಳಕ್ಕೆ ಹೋಯಿತು. 1972ರಲ್ಲಿ ತೆಲುಗಿನಲ್ಲಿ ಎನ್.ಟಿ. ರಾಮರಾವ್ ಮೇಷ್ಟ್ರಾದರು. ತೆಲುಗಿನಲ್ಲಿ ಅದರ ಹೆಸರು 'ಬಡಿ ಪಂತುಲು'. ಬಡಿ ಅಂದರೆ ಶಾಲೆ, ಪಂತುಲು ಅಂದರೆ ಮೇಷ್ಟ್ರು. ನೋಡಿ, ಹೆಸರಿನಲ್ಲೇ ಮೇಷ್ಟ್ರು ಇರುವ ಮನುಷ್ಯ ಮೇಷ್ಟ್ರ ಕಥೆಯನ್ನು ಕನ್ನಡದಲ್ಲಿ ಮಾಡಿದರು. ಸಿನಿಮಾಕ್ಕೆ ಬರುವ ಮೊದಲು ಅವರು ನಿಜವಾಗಿ ಮೇಷ್ಟ್ರ ಕೆಲಸವನ್ನೂ ಮಾಡಿದ್ದರು.

ಆಮೇಲೆ ನಾಟಕ. ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿ. ಅಲ್ಲಿ ಆಡುತ್ತಿದ್ದ 'ಸಂಸಾರ ನೌಕ'ವನ್ನು ಎಚ್.ಎಲ್.ಎನ್. ಸಿಂಹ 1936ರಲ್ಲಿ ಸಿನಿಮಾ ಮಾಡಿದಾಗ ನಾಯಕ ಪಂತುಲು. ಕನ್ನಡದ ಮೊದಲ ಸಾಮಾಜಿಕ ಚಿತ್ರ ಅಂತ ಎಲ್ಲರೂ ಹೇಳುವುದು ಅದನ್ನೇ. ನಿಮಗೂ ಗೊತ್ತಿರುತ್ತದೆ. ಆಮೇಲೆ ಮದ್ರಾಸಿನಲ್ಲಿ ಅವರದೇ ಪದ್ಮಿನಿ ಪಿಕ್ಚರ್ಸ್.

ಈಗ ನನ್ನ ಮಾತು ಕೇಳಿ. ತಮಿಳಿನಲ್ಲಿ ಅವರು ಮಾಡಿದ್ದು ಸಣ್ಣ ಕೆಲಸ ಅಲ್ಲ. 'ವೀರಪಾಂಡಿಯ ಕಟ್ಟಬೊಮ್ಮನ್', 'ಕಪ್ಪಲೋಟ್ಟಿಯ ತಮಿಳನ್', 'ಕರ್ಣನ್', 'ಆಯಿರತ್ತಿಲ್ ಒರುವನ್'. ಶಿವಾಜಿ ಗಣೇಶನ್ ಅವರನ್ನೂ ಎಂಜಿಆರ್ ಅವರನ್ನೂ ಇಟ್ಟುಕೊಂಡು ಮಾಡಿದವು. 'ಕರ್ಣನ್' 1964ರದು. 2012ರಲ್ಲಿ ಅದನ್ನು ಹೊಸದಾಗಿ ತೊಳೆದು, ಸೌಂಡು ಸರಿಮಾಡಿ ಮತ್ತೆ ಥಿಯೇಟರಿಗೆ ಬಿಟ್ಟರು. ಜನ ಸಾಲು ನಿಂತು ನೋಡಿದರು. 2014ರಲ್ಲಿ 'ಆಯಿರತ್ತಿಲ್ ಒರುವನ್' ಕೂಡ ಹಾಗೇ ಬಂತು. ತಮಿಳರು ತಮ್ಮ ಪಾಲಿನ ಪಂತುಲು ಅವರನ್ನು ಕಾಪಾಡಿಕೊಂಡರು. ಅವರಿಗೆ ನನ್ನ ನಮಸ್ಕಾರ. ನಮ್ಮ ಪಾಲಿನ ಪಂತುಲು ಎಲ್ಲಿ?

ನೀವು ವೇದಿಕೆ ಮೇಲೆ ಕಿತ್ತೂರು ಚೆನ್ನಮ್ಮ ಅನ್ನುತ್ತೀರಿ, ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ಹೊಡೆಯುವವರಲ್ಲಿ ಎಷ್ಟೋ ಜನರ ಕಣ್ಣ ಮುಂದೆ ಬರುವುದು ಸರೋಜಾದೇವಿಯವರ ಮುಖ. ಆ ಮುಖವನ್ನು 1961ರಲ್ಲಿ ನಮಗೆ ತೋರಿಸಿದವರು ಯಾರು? ಕೃಷ್ಣದೇವರಾಯ ಅಂದರೆ ರಾಜ್‌ಕುಮಾರ್ ಕಾಣುತ್ತಾರೆ. 1970ರ ಆ ಸಿನಿಮಾ ಮಾಡಿ, ಅದರಲ್ಲಿ ತಾವೇ ತಿಮ್ಮರುಸು ಆಗಿ ನಿಂತವರು ಯಾರು? ಪುಟ್ಟಣ್ಣ ಕಣಗಾಲ್ ಅವರ ಹೆಸರು ಹೇಳುವಾಗ ನಾವೆಲ್ಲ ಎದೆಯುಬ್ಬಿಸುತ್ತೇವೆ, ಅವರು ಕೆಲಸ ಕಲಿತದ್ದು ಯಾರ ಹತ್ತಿರ? 1960ರ 'ಮಕ್ಕಳ ರಾಜ್ಯ'ವನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾಡಿದರು. ನಮ್ಮ ಬೀದಿಯ ಮಕ್ಕಳು ಮಾತಾಡುವ ಮೂರೂ ಭಾಷೆಯಲ್ಲಿ! ನಮಗೋಸ್ಕರವೇ ಮಾಡಿದ ಹಾಗಿದೆ ಅಲ್ವಾ? ನಮ್ಮ ಮಕ್ಕಳು ಅದನ್ನು ಯಾವ ಭಾಷೆಯಲ್ಲೂ ನೋಡಿಲ್ಲ.

ನನ್ನ ಮನೆಯ ಜಗಲಿಯಲ್ಲಿ ಭಾನುವಾರ ಸುಮಾರು ನಲವತ್ತು ಮಕ್ಕಳು ಸೇರುತ್ತಾರೆ. ಶಾಲೆಯಲ್ಲಿ ಅವರು ಓದುವುದು ತೆಲುಗು, ಇಂಗ್ಲಿಷು. ಮನೆಯಲ್ಲಿ ಆಡುವ ಕನ್ನಡವನ್ನು ಬರೆಯಲು ಬಾರದು. ನಾನು ಅ ಆ ಇ ಈ ಬರೆಸುತ್ತೇನೆ, ನನ್ನ ಸೊಸೆ ಲೆಕ್ಕ ಹೇಳಿಕೊಡುತ್ತಾಳೆ. ಇದಕ್ಕೆ ನಾನು ಯಾರ ಹತ್ತಿರವೂ ಒಂದು ಪೈಸೆ ಕೇಳಿಲ್ಲ, ಕೇಳೋದೂ ಇಲ್ಲ. ಕೇಳಿದ್ದು ವರ್ಷಕ್ಕೆ ಒಂದು ಸಿನಿಮಾ.

ಗಡಿಯಾಚೆಯ ಕನ್ನಡಿಗರ ಕಾರ್ಯಕ್ರಮಕ್ಕೆ ನೆರವು ಕೊಡುವ ನಿಯಮ ಏನಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ನಿಯಮದ ಪ್ರಕಾರವೇ ಅರ್ಜಿ ಹಾಕಿದೆ. ಮೊದಲ ವರ್ಷ ಉತ್ತರ ಇಲ್ಲ. ಎರಡನೇ ವರ್ಷ ತಡವಾಯಿತು ಅಂದರು. ಮೂರನೇ ವರ್ಷ ನಮೂನೆ ಬದಲಾಗಿದೆ, ಹೊಸದರಲ್ಲಿ ಬರೆಯಿರಿ ಅಂದರು. ನಾಲ್ಕನೇ ವರ್ಷ ಫೈಲು ಸಿಗುತ್ತಿಲ್ಲ ಅಂದರು. ಪ್ರತಿ ಸಲ ಎರಡೆರಡು ಪ್ರತಿ. ಜೆರಾಕ್ಸ್ ಅಂಗಡಿ ನನ್ನದೇ ಆದದ್ದರಿಂದ ಅದೊಂದು ಖರ್ಚು ಉಳಿಯಿತು.

ಐದನೇ ವರ್ಷ ನಾನೇ ತೋರಿಸಿಬಿಡೋಣ ಅಂತ ಹೊರಟೆ. ಮದುವೆ ಫೋಟೋ ತೆಗೆಯುವ ಹುಡುಗನ ಹತ್ತಿರ ಪ್ರೊಜೆಕ್ಟರ್ ಬಾಡಿಗೆಗೆ ತಂದೆ. ಎರಡು ಬಿಳಿ ಪಂಚೆ ಸೇರಿಸಿ ಹೆಂಡತಿ ಪರದೆ ಹೊಲಿದಳು. ಶಾಮಿಯಾನ, ಸೌಂಡ್ ಬಾಕ್ಸ್, ಮಕ್ಕಳಿಗೆ ಚಿತ್ರಾನ್ನ, ಎಲ್ಲ ಸೇರಿ ಆರು ಸಾವಿರದ ಎಂಟುನೂರು ರೂಪಾಯಿ. ಸಿನಿಮಾವನ್ನು ಮೊಮ್ಮಗ ಮೊಬೈಲಿನಿಂದ ಹಾಕಿದ. ಸಣ್ಣ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಪಂಚೆ ಮೇಲೆ ಮಸುಕಾಯಿತು. ಮೇಷ್ಟ್ರ ಮುಖ ಬೂದಿ ಬಣ್ಣದ ಮುದ್ದೆ ಹಾಗೆ. ಮಾತು ಮುಂದೆ, ತುಟಿ ಹಿಂದೆ. ಆದರೂ ಮಕ್ಕಳು ಗಲಾಟೆ ಮಾಡದೆ ಕೂತರು. ಹಿಂದೆ ದೊಡ್ಡವರೂ ಬಂದು ನಿಂತರು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದಾರೆ. ಇಬ್ಬರು ಗಂಡುಮಕ್ಕಳು. ಆರು ತಿಂಗಳು ಇಲ್ಲಿ, ಆರು ತಿಂಗಳು ಹೊಸೂರಿನಲ್ಲಿ. ಅವರೂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಪ್ಪ ಅಮ್ಮನನ್ನು ಹಂಚುವ ಜಾಗಕ್ಕೆ ಕಥೆ ಬಂತು. ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಒಳಗೆ ಹೋದರು. ಐದು ನಿಮಿಷ ಆದ ಮೇಲೆ ಮತ್ತೆ ಬಂದು ಕೂತರು. ಕುರ್ಚಿಯನ್ನು ಇನ್ನೂ ಮುಂದೆ ಎಳೆದುಕೊಂಡರು. ಅಷ್ಟರಲ್ಲಿ ಮಳೆ. ಜುಲೈ ತಿಂಗಳು ನೋಡಿ. ಕರೆಂಟು ಹೋಯಿತು. ರಾತ್ರಿ ಹತ್ತೂವರೆವರೆಗೆ ಕಾದೆವು, ಬರಲಿಲ್ಲ. ಮಕ್ಕಳು ಕೇಳಿದರು, "ತಾತ, ಆಮೇಲೆ ಏನಾಯ್ತು? ಅವರಿಬ್ರು ಒಟ್ಟಿಗೆ ಸೇರಿದ್ರಾ?" ಕತ್ತಲಲ್ಲೇ ನಿಂತು ಉಳಿದ ಕಥೆಯನ್ನು ಬಾಯಲ್ಲಿ ಹೇಳಿದೆ. ದೊಡ್ಡಮ್ಮ ಮಾತ್ರ, "ಬಾಯಲ್ಲಿ ಬೇಡಪ್ಪ, ನಾನು ಕಣ್ಣಾರೆ ನೋಡ್ತೀನಿ, ಇನ್ನೊಂದ್ಸಲ ಹಾಕು" ಅಂದರು. ಆ ಇನ್ನೊಂದು ಸಲ ಇನ್ನೂ ಬಂದಿಲ್ಲ, ಸಚಿವರೇ. ಅವರಿಗೆ ಈಗ ಎಂಬತ್ತಮೂರು.

ಆ ಖರ್ಚಿನ ರಸೀದಿ ಇಟ್ಟು ಬರೆದಾಗ, ಕಾರ್ಯಕ್ರಮ ಆಗಲೇ ಮುಗಿದಿರುವುದರಿಂದ ನೆರವಿಗೆ ಅವಕಾಶವಿಲ್ಲ ಅಂತ ಉತ್ತರ ಬಂತು. ಮೊದಲೇ ಕೇಳಿದರೆ ಫೈಲು ಸಿಗೋದಿಲ್ಲ. ಮುಗಿಸಿ ಕೇಳಿದರೆ ಮುಗಿದುಹೋಯಿತು. ಹಾಗಾದರೆ ಯಾವಾಗ ಕೇಳಬೇಕು?

ಇನ್ನು ಹೋದ ವರ್ಷದ ಕಥೆ. ಇದನ್ನು ಬರೆಯುವಾಗ ನನಗೆ ಇವತ್ತಿಗೂ ಕೈ ನಡುಗುತ್ತದೆ.

ಅರ್ಜಿಯ ಹೊಸ ನಮೂನೆಯಲ್ಲಿ 'ಕಲಾವಿದರ ಹೆಸರು' ಅಂತ ಒಂದು ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟರೆ ಅರ್ಜಿ ತಗೊಳ್ಳೋದಿಲ್ಲ ಅಂದಿದ್ದರು. 'ಬಿ.ಆರ್. ಪಂತುಲು, ಚಿತ್ರ ನಿರ್ದೇಶಕರು, 1910–1974' ಅಂತ ಬರೆದೆ. ಎರಡು ತಿಂಗಳ ಮೇಲೆ ಲಕೋಟೆ ಬಂತು. ಮನೆಯವರೆಲ್ಲ ಸುತ್ತ ಕೂತಿದ್ದರು. ನಾನೇ ಜೋರಾಗಿ ಓದಿದೆ. ಕಲಾವಿದರ ಒಪ್ಪಿಗೆ ಪತ್ರ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಲಗತ್ತಿಸಿಲ್ಲ, ಹದಿನೈದು ದಿನದೊಳಗೆ ಸಲ್ಲಿಸಿ ಅಂತ ಇತ್ತು.

ಮೊಮ್ಮಗ ನಕ್ಕ. ನನಗೆ ನಗು ಬರಲಿಲ್ಲ.

ಮಾರನೇ ದಿನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬಂದೆ. ಜನರಲ್ ಬೋಗಿ, ಬಂಗಾರಪೇಟೆವರೆಗೆ ನಿಂತೇ ಬಂದೆ. ನನಗೆ ಮಂಡಿ ನೋವು. ಕಚೇರಿಯ ಹೆಸರು ಹೇಳೋದಿಲ್ಲ, ನಿಮಗೆ ಬೇಕಾದರೆ ಆ ಲಕೋಟೆಯನ್ನೇ ಕಳಿಸಿಕೊಡುತ್ತೇನೆ. ಹತ್ತು ಗಂಟೆಗೆ ಹೋದವನನ್ನು ಮೂರೂವರೆಗೆ ಒಳಗೆ ಕರೆದರು.

"ಸಾರ್, ಇವರು ತೀರಿಕೊಂಡು ಐವತ್ತು ವರ್ಷ ಆಯಿತು" ಅಂದೆ.

"ಹಾಗಾದ್ರೆ ಡೆತ್ ಸರ್ಟಿಫಿಕೇಟ್ ಹಾಕಬೇಕಿತ್ತು" ಅಂದರು.

"ಸಾರ್, ಇವರ ಸಿನಿಮಾ ತೋರಿಸಿ ಅಂತ ನಾನು ಕೇಳಿದ್ದು."

ಅವರು ಹೆಸರನ್ನು ಇನ್ನೊಂದು ಸಲ ನೋಡಿದರು. "ಪಂತುಲು ಅಂದ್ರೆ ತೆಲುಗಿನವರಲ್ವಾ? ನೀವೂ ಆಂಧ್ರದವರು. ಸುಮ್ನೆ ಇಲ್ಲಿಗೆ ಯಾಕೆ ಓಡಾಡ್ತೀರಿ? ನಿಮ್ಮ ಸರ್ಕಾರಕ್ಕೆ ಕೇಳಿ."

ಅವರ ತಲೆಯ ಮೇಲೆ ಗೋಡೆಯಲ್ಲಿ ಚೆನ್ನಮ್ಮನ ಪಟ ಇತ್ತು. ಕುದುರೆ ಮೇಲೆ ಕೂತಿದ್ದ ಪಟ. ನಾನು ಅದನ್ನು ನೋಡಿದೆ, ಅವರನ್ನು ನೋಡಿದೆ. ಬಾಯಿಂದ ಮಾತು ಬರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕಾವಲಿನ ಹುಡುಗ ನೀರು ತಂದುಕೊಟ್ಟ. ಕನ್ನಡಕ್ಕಾಗಿ ಕನ್ನಡದ ರಾಜಧಾನಿಗೆ ಬಂದು, ಕನ್ನಡದಲ್ಲೇ, ನೀನು ನಮ್ಮವನಲ್ಲ ಅನ್ನಿಸಿಕೊಂಡು ಹೋದೆ.

ನಮ್ಮೂರಲ್ಲಿ ಏನು ಹೇಳುತ್ತಾರೆ ಗೊತ್ತಾ? ಇಲ್ಲಿನ ಒಂದು ಕಚೇರಿಯಲ್ಲೂ ಕೇಳಿ ನೋಡಿದ್ದೆ. ಬಹಳ ಮರ್ಯಾದೆಯಿಂದ ಕೂರಿಸಿದರು, ಟೀ ಕೊಟ್ಟರು. "ಅಣ್ಣಾ, ಕನ್ನಡ ಸಿನಿಮಾ ಅಲ್ವಾ, ಬೆಂಗಳೂರಲ್ಲಿ ಕೇಳಿ" ಅಂದರು. ಅಲ್ಲಿ ಹೋದರೆ ಇಲ್ಲಿ ಕೇಳು, ಇಲ್ಲಿ ಕೇಳಿದರೆ ಅಲ್ಲಿಗೆ ಹೋಗು. ಪಂತುಲು ಅವರ ಗತಿಯೇ ನಮ್ಮ ಗತಿ. ಅಥವಾ ನಮ್ಮ ಗತಿಯೇ ಅವರದು.

ಆದರೆ ಆ ಮನುಷ್ಯ ಯಾವ ಭಾಷೆಯನ್ನೂ ಹೀಗೆ ಆಚೆ ಕಳಿಸಲಿಲ್ಲ, ಸಚಿವರೇ. ತಮಿಳಿನಲ್ಲಿ ಅಷ್ಟು ದೊಡ್ಡ ಸಿನಿಮಾ ಮಾಡುತ್ತಿದ್ದಾಗಲೂ ಕನ್ನಡ ಬಿಡಲಿಲ್ಲ. 'ಕರ್ಣನ್' ಬಂದ 1964ರಲ್ಲೇ ಕನ್ನಡದಲ್ಲಿ 'ಚಿನ್ನದ ಗೊಂಬೆ' ಮಾಡಿದರು. ಜಯಲಲಿತಾ ಮೊದಲು ನಾಯಕಿಯಾದದ್ದು ಆ ಕನ್ನಡ ಸಿನಿಮಾದಲ್ಲಿ. ಆಮೇಲೆ 'ದುಡ್ಡೇ ದೊಡ್ಡಪ್ಪ', 'ಬೀದಿ ಬಸವಣ್ಣ', 'ಗಂಡೊಂದು ಹೆಣ್ಣಾರು'. ಕನ್ನಡ ಸಿನಿಮಾಕ್ಕೆ ಮಾರ್ಕೆಟ್ಟು ಸಣ್ಣದಾಗಿದ್ದ ಕಾಲ. ಅವರಿಗೆ ಕನ್ನಡ ಬೇಕು ಅನ್ನಿಸಿತ್ತು, ಅದಕ್ಕೇ ಮಾಡಿದರು. ಕೊನೆಗೂ ಅವರ ಕೈಯಲ್ಲಿದ್ದದ್ದು ಕನ್ನಡದ ಕೆಲಸವೇ, 'ಕಾಲೇಜು ರಂಗ'. ಅದು ಮುಗಿಯುವ ಮೊದಲೇ, 1974ರ ಅಕ್ಟೋಬರ್ 8ರಂದು ತೀರಿಕೊಂಡರು. ಪುಟ್ಟಣ್ಣನವರು ಅದನ್ನು ಮಾಡಿ ಮುಗಿಸಿದರು. ಪಂತುಲು ತೀರಿಕೊಂಡ ದಿನ ಅಪ್ಪ ಊಟ ಮಾಡಲಿಲ್ಲ. ಹದಿಮೂರು ವರ್ಷದ ನನಗೆ ಅದು ಯಾಕೆ ಅಂತ ಸರಿಯಾಗಿ ಅರ್ಥವಾಗಲಿಲ್ಲ. ಪಂತುಲು ಅವರಿಗೆ ಆಗ ಅರವತ್ತನಾಲ್ಕು. ನನಗೆ ಈಗ ಅಷ್ಟೇ ವಯಸ್ಸು.

ನಾನು ಸಿಟ್ಟಿನಲ್ಲಿ ಬರೆದಿದ್ದೇನೆ, ನಿಜ. ದೊಡ್ಡವರು ನೀವು, ಮನಸ್ಸಿಗೆ ತಗೊಳ್ಳಬೇಡಿ. ಆದರೆ ಆ ಗುಮಾಸ್ತರಿಗೆ ಏನೂ ಶಿಕ್ಷೆ ಮಾಡಬೇಡಿ, ಅದು ನನಗೆ ಬೇಡ. ಅವರನ್ನೂ ಜುಲೈ 26ಕ್ಕೆ ಕುಪ್ಪಂಗೆ ಕಳಿಸಿ. ನಮ್ಮ ಮಕ್ಕಳ ಜೊತೆ ಕೂತು 'ಸ್ಕೂಲ್ ಮಾಸ್ಟರ್' ನೋಡಲಿ. ಊಟ ನಮ್ಮ ಮನೆಯಲ್ಲಿ.

ಒಂದು ವರ್ಷ 'ಸ್ಕೂಲ್ ಮಾಸ್ಟರ್' ತೋರಿಸಿ. ಮರುವರ್ಷ 'ಕಿತ್ತೂರು ಚೆನ್ನಮ್ಮ'. ಅದರ ಮರುವರ್ಷ 'ಮಕ್ಕಳ ರಾಜ್ಯ'. ಅದರಾಚೆ 'ಶ್ರೀ ಕೃಷ್ಣದೇವರಾಯ', ಕಲರಿನಲ್ಲಿ. ರಾಯರು ಕನ್ನಡದವರಿಗೂ ತೆಲುಗಿನವರಿಗೂ ಬೇಕಾದವರು, ಇಡೀ ಊರು ಬರುತ್ತದೆ, ನಾನು ಬರೆದುಕೊಡುತ್ತೇನೆ. ಪ್ರಿಂಟ್ ಎಲ್ಲಿದೆ, ಹಕ್ಕು ಯಾರದು ಅಂತ ಹುಡುಕೋದು ನಿಮ್ಮಂಥವರಿಗೆ ಒಂದು ಫೋನಿನ ಕೆಲಸ. ನನಗೆ ಏಳು ವರ್ಷ ಸಾಲಲಿಲ್ಲ. ಪ್ರಿಂಟ್ ಹಾಳಾಗಿದ್ದರೆ ಸರಿಮಾಡಿಸಿ. ತಮಿಳಿನಲ್ಲಿ ಆಗಿದೆ ಅಂದ ಮೇಲೆ ಕನ್ನಡದಲ್ಲೂ ಆಗುತ್ತದೆ.

ಈ ಸಲ ಪಂಚೆಯ ಪರದೆ ಬೇಡ ಅಂತ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನ ಗೋಡೆಗೆ ಬಿಳಿ ಸುಣ್ಣ ಹೊಡೆಸಿದ್ದೇನೆ. ಇಪ್ಪತ್ತು ಅಡಿ ಅಗಲ ಇದೆ. ಸೈಟಿನವರು ಒಪ್ಪಿದ್ದಾರೆ. ಮಳೆ ಬಂದರೆ ಇರಲಿ ಅಂತ ಶೀಟು, ಕರೆಂಟು ಹೋದರೆ ಇರಲಿ ಅಂತ ಜನರೇಟರ್, ಎರಡಕ್ಕೂ ಮಗ ಅಡ್ವಾನ್ಸ್ ಕೊಟ್ಟಿದ್ದಾನೆ. ದೊಡ್ಡಮ್ಮ ಈ ಜುಲೈನಲ್ಲಿ ಹೊಸೂರಿಗೆ ಹೋಗೋದಿಲ್ಲ, ಇಲ್ಲೇ ಇರುತ್ತೇನೆ ಅಂದಿದ್ದಾರೆ.

ಸಿನಿಮಾ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕುಪ್ಪಂನ ಒಬ್ಬ ಕನ್ನಡಿಗ